ಭಯ ಎಲ್ಲಿಂದ ಬಂತು?

ಚಿಕ್ಕ ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋಗುತ್ತೇವೆ. ಮೊದಲ ಸಲ ಮಗು ನರ್ಸಮ್ಮನನ್ನು ನೋಡಿ ನಗುತ್ತದೆ. ಆಮೇಲೆ ಸೂಜಿ ಚುಚ್ಚುತ್ತದೆ. ಮಗು ಅಳುತ್ತದೆ. ಹೀಗೆ ಎರಡು ಮೂರು ಸಲ ಆಯ್ತು ಅನ್ನಿ. ಮುಂದಿನ ಸಲ ಸೂಜಿ ಕಾಣುವ ಮೊದಲೇ ಅಳು ಶುರು. ಬಿಳಿ ಬಟ್ಟೆ ಕಂಡರೆ ಸಾಕು, ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತದೆ.

ಬಿಳಿ ಬಟ್ಟೆ ಚುಚ್ಚುತ್ತದೆಯೇ? ಇಲ್ಲ. ಚುಚ್ಚಿದ್ದು ಸೂಜಿ. ಆದರೆ ಎರಡೂ ಜೊತೆಯಲ್ಲೇ ಬಂದವು. ಮಗುವಿನ ಮನಸ್ಸು ಎರಡನ್ನೂ ಸೇರಿಸಿ ಗಂಟು ಹಾಕಿತು.

ರಷ್ಯಾ ದೇಶದಲ್ಲಿ ಪಾವ್ಲೋವ್ ಎಂಬ ವಿಜ್ಞಾನಿ ಇದ್ದರು. ಅವರು ನಾಯಿಗೆ ಊಟ ಕೊಡುವ ಮೊದಲು ಒಂದು ಸದ್ದು ಮಾಡಿಸುತ್ತಿದ್ದರು. ಹಲವು ಸಲ ಹೀಗೆ ಮಾಡಿದ ಮೇಲೆ, ಊಟ ಇಲ್ಲದಿದ್ದರೂ ಬರೀ ಸದ್ದಿಗೇ ನಾಯಿಯ ಬಾಯಲ್ಲಿ ಜೊಲ್ಲು ಬಂತು. ಹುಣಸೆಹಣ್ಣು ಅಂದ್ರೆ ನಮ್ಮ ಬಾಯಲ್ಲಿ ನೀರೂರುವುದಿಲ್ಲವೇ? ಅದೂ ಹೀಗೇ.

ಭಯವನ್ನೂ ಹೀಗೆ ಕಲಿಸಬಹುದೇ? ಅಮೆರಿಕದ ವಾಟ್ಸನ್ ಮತ್ತು ರೇನರ್ ಎಂಬ ಇಬ್ಬರು ಇದನ್ನು ಒಂದು ಮಗುವಿನ ಮೇಲೆ ನೋಡಿದರು. 1920ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಮಗುವಿಗೆ ಅವರು ಕೊಟ್ಟ ಹೆಸರು ಆಲ್ಬರ್ಟ್. ವಯಸ್ಸು 11 ತಿಂಗಳು. ಅದಕ್ಕೆ ಬಿಳಿ ಇಲಿ ಕಂಡರೆ ಭಯವಿರಲಿಲ್ಲ. ಇಲಿಯನ್ನು ಮುಟ್ಟಲು ಕೈ ಚಾಚಿತು. ಆಗ ಬೆನ್ನ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಬಡಿದರು. ಮಗು ಬೆಚ್ಚಿಬಿತ್ತು. ಇಲಿ, ಸದ್ದು. ಇಲಿ, ಸದ್ದು. ಬರೀ ಏಳು ಸಲ. ಆಮೇಲೆ ಸದ್ದು ಇಲ್ಲದಿದ್ದರೂ ಇಲಿ ಕಂಡೊಡನೆ ಅತ್ತು, ಅಂಬೆಗಾಲಿಟ್ಟು ದೂರ ಹೋಯಿತು. ಮೊಲ, ನಾಯಿ, ತುಪ್ಪಳದ ಕೋಟು, ಇವಕ್ಕೂ ಹೆದರಿತು. ಆ ಭಯವನ್ನು ಬಿಡಿಸದೆಯೇ ಮಗುವನ್ನು ಕಳಿಸಿಬಿಟ್ಟರು. ಇದು ಅನ್ಯಾಯ. ಇಂಥ ಪರೀಕ್ಷೆಗೆ ಈಗ ಒಪ್ಪಿಗೆ ಸಿಗುವುದಿಲ್ಲ.

ನಮಗೆ ಕೋಪ ಬರುತ್ತದೆ. ಆದರೆ ಮನೆಯಲ್ಲಿ ನಾವೇನು ಮಾಡ್ತೀವಿ? "ಊಟ ಮಾಡು, ಇಲ್ಲಾಂದ್ರೆ ಡಾಕ್ಟರ ಹತ್ರ ಸೂಜಿ ಚುಚ್ಚಿಸ್ತೀನಿ" ಅಂತೀವಿ. "ಕತ್ತಲಲ್ಲಿ ಗುಮ್ಮ ಇದೆ" ಅಂತೀವಿ. ಮಗು ಸುಮ್ಮನಾಗುತ್ತದೆ, ನಿಜ. ನಾಳೆ ಜ್ವರ ಬಂದಾಗ ಅದೇ ಮಗು ಆಸ್ಪತ್ರೆ ಬಾಗಿಲಲ್ಲಿ ಹಟ ಹಿಡಿದು ನಿಲ್ಲುತ್ತದೆ.

ಹಾಕಿದ ಗಂಟನ್ನು ಬಿಚ್ಚಬಹುದೇ? ಬಿಚ್ಚಬಹುದು. ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬಾಕೆ ಇದನ್ನು ಮಾಡಿ, 1924ರಲ್ಲಿ ಬರೆದರು. ಪೀಟರ್ ಎಂಬ ಹುಡುಗ. ಅವನಿಗಿನ್ನೂ ಮೂರು ತುಂಬಿರಲಿಲ್ಲ. ಮೊಲ ಕಂಡರೆ ಅವನಿಗೆ ಬಹಳ ಭಯ. ಹೆದರದ ಮಕ್ಕಳ ಜೊತೆ ಅವನನ್ನು ಆಡಲು ಬಿಟ್ಟರು. ಭಯ ಕಡಿಮೆಯಾಗುತ್ತಾ ಬಂತು. ಅಷ್ಟರಲ್ಲಿ ಅವನಿಗೆ ಕಾಯಿಲೆ ಆಯಿತು. ಆಸ್ಪತ್ರೆಯಿಂದ ಬರುವಾಗ ದೊಡ್ಡ ನಾಯಿಯೊಂದು ಮೈಮೇಲೆ ಹಾರಿತು. ಹೋದ ಭಯ ಮತ್ತೆ ಬಂತು.

ಜೋನ್ಸ್ ಬಿಡಲಿಲ್ಲ. ಪೀಟರನಿಗೆ ಇಷ್ಟದ ತಿಂಡಿ ಕೊಟ್ಟು ಕೂರಿಸಿದರು. ಪಂಜರದಲ್ಲಿ ಮೊಲವನ್ನು ತಂದರು. ಎಷ್ಟು ಹತ್ತಿರ? ಅವನು ತಿನ್ನುವುದನ್ನು ನಿಲ್ಲಿಸಬಾರದು, ಅಷ್ಟು ಮಾತ್ರ. ಅವಸರ ಮಾಡಿದರೆ ಕೆಲಸ ಕೆಡುತ್ತದೆ. ತಿಂಡಿಯ ಖುಷಿ ಮೊಲಕ್ಕೆ ಅಂಟುವ ಬದಲು, ಮೊಲದ ಭಯ ತಿಂಡಿಗೇ ಅಂಟಿಬಿಡಬಹುದು. ಆದ್ದರಿಂದ ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಪೀಟರ್ ಮೊಲದ ಮೈ ಸವರಿದ. ಮೊಲ ಅವನ ಬೆರಳನ್ನು ಮೆಲ್ಲಗೆ ಕಚ್ಚುತ್ತಿದ್ದರೂ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.