ಗಲ್ಲಾಪೆಟ್ಟಿಗೆಯ ಗಂಟೆ

ಪದವಿ ತರಗತಿಗೆ ಬಸವಪುರಾಣದ ಕಥಾಭಾಗವೊಂದನ್ನು ಹೇಳುತ್ತಿದ್ದೆ. ಭಂಡಾರಿಯಾದ ಬಸವಣ್ಣನು ಅರಸನ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ಚಾಡಿಕೋರರು ಬಿಜ್ಜಳನಲ್ಲಿ ದೂರುತ್ತಾರೆ. ಬೊಕ್ಕಸವನ್ನು ಎಣಿಸಿ ನೋಡಿದಾಗ ಹಣ ಕೊಂಚವೂ ಕಡಮೆಯಾಗಿರುವುದಿಲ್ಲ. ದೂರಿದವರು ತಲೆ ತಗ್ಗಿಸುತ್ತಾರೆ. ಪಾಠ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ನನ್ನ ಬಳಿಗೆ ಬಂದು, “ಸಾರ್, ಲೆಕ್ಕ ಸರಿಹೋಯಿತು ಅಂದರೆ ಕಳ್ಳತನ ಆಗಿಲ್ಲ ಅಂತಲೇ ಅರ್ಥವಾ?” ಎಂದು ಕೇಳಿದ. ಪ್ರಶ್ನೆ ಬಸವಣ್ಣನವರನ್ನು ಕುರಿತದ್ದಲ್ಲವೆಂದು ಅವನ ಮುಖ ನೋಡಿದೊಡನೆಯೇ ತಿಳಿಯಿತು. ಸಂಜೆಯ ಹೊತ್ತು ಅವನು ದೊಡ್ಡ ಅಂಗಡಿಯೊಂದರಲ್ಲಿ ಬಿಲ್ಲು ಹಾಕುವ ಕೆಲಸದಲ್ಲಿದ್ದಾನೆ. “ಇಲ್ಲಪ್ಪಾ, ಹಾಗೇನೂ ಅರ್ಥವಲ್ಲ” ಎಂದೆ. ಅಷ್ಟು ಹೇಳುವುದಕ್ಕೆ ನನಗಿದ್ದ ಅಧಿಕಾರ ಎಂ.ಎ. ಪದವಿಯಿಂದ ಬಂದದ್ದಲ್ಲ.

ಲೆಕ್ಕ ತಪ್ಪುವಂತೆ ಕದಿಯುವವನು ಎಳೆಯ ಕಳ್ಳ. ಪಳಗಿದವನು ಲೆಕ್ಕಕ್ಕೆ ಬರುವ ಮೊದಲೇ ಹಣವನ್ನು ದಾರಿ ತಪ್ಪಿಸುತ್ತಾನೆ. ಈ ಸೂಕ್ಷ್ಮವನ್ನು ನಮ್ಮ ಪೂರ್ವಿಕರು ಅರಿಯದೆ ಇರಲಿಲ್ಲ. 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಮರಳಿ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಅಧಿಕಾರಿಗಳು ರಾಜಧನವನ್ನು ಅಪಹರಿಸುವ ನಲವತ್ತು ಬಗೆಗಳ ಪಟ್ಟಿಯೇ ಇದೆ. ಬಂದದ್ದನ್ನು ಬಂದಿಲ್ಲವೆಂದು ಬರೆಯುವುದು ಅದರಲ್ಲೊಂದು. ಅಷ್ಟು ಬಗೆಗಳನ್ನು ಬಿಡಿಸಿ ಹೇಳಬಲ್ಲ ಆ ಪುಣ್ಯಾತ್ಮನು ಅವನ್ನು ಎಲ್ಲಿ ನಿಂತು ನೋಡಿದನೋ ಎಂದು ನನಗೆ ಆಗಾಗ ಕುತೂಹಲವಾಗುವುದುಂಟು.

ಈ ರೋಗಕ್ಕೆ ಯಂತ್ರದಿಂದ ಮದ್ದು ಮಾಡಹೊರಟವನು ಅಮೆರಿಕದ ಒಬ್ಬ ಮದ್ಯದಂಗಡಿಯ ಯಜಮಾನ. ಓಹಾಯೋ ಪ್ರಾಂತದ ಡೇಟನ್ ಊರಿನ ಜೇಮ್ಸ್ ರಿಟಿ ಎಂಬಾತನ ಅಂಗಡಿಗೆ ಗಿರಾಕಿಗಳೇನೋ ಬರುತ್ತಿದ್ದರು. ಗಲ್ಲಾಪೆಟ್ಟಿಗೆ ಮಾತ್ರ ತುಂಬುತ್ತಿರಲಿಲ್ಲ. ಸುರಿದುಕೊಡುವ ಆಳುಗಳ ಜೇಬಿಗೇ ಹಣ ಹೋಗುತ್ತಿತ್ತು. ಬೇಸತ್ತ ರಿಟಿ 1878ರಲ್ಲಿ ಯೂರೋಪಿಗೆ ಹಡಗು ಹತ್ತಿದ. ಹಡಗಿನ ತಿರುಗಣೆ ಎಷ್ಟು ಸುತ್ತು ತಿರುಗಿತೆಂದು ತಾನಾಗಿಯೇ ಎಣಿಸಿ ತೋರಿಸುವ ಒಂದು ಸಾಧನ ಅಲ್ಲಿ ಅವನ ಕಣ್ಣಿಗೆ ಬಿತ್ತು. ನೀರಿನೊಳಗಿನ ಸುತ್ತನ್ನು ಎಣಿಸಬಹುದಾದರೆ ಮೇಜಿನ ಮೇಲಿನ ಬಟ್ಟಲನ್ನು ಎಣಿಸಲಾಗದೇ? ಊರಿಗೆ ಮರಳಿದವನೇ, ಯಂತ್ರದ ಕೆಲಸ ಬಲ್ಲ ಸಹೋದರ ಜಾನನೊಡನೆ ಕುಳಿತ. ಮೊದಲ ಪ್ರಯತ್ನಗಳು ಕೈಕೊಟ್ಟುವು. ಕೊನೆಗೆ ಬೆಲೆಯ ಗುಂಡಿಯನ್ನೊತ್ತಿದರೆ ಮೊತ್ತ ತೋರಿಸುವ ಯಂತ್ರವೊಂದು ಸಿದ್ಧವಾಗಿ, 1879ರಲ್ಲಿ ಅದಕ್ಕೆ ಹಕ್ಕುಪತ್ರ ದೊರೆಯಿತು. ಅದಕ್ಕಿಟ್ಟ ಹೆಸರು ‘ರಿಟಿಯ ಕೆಡಿಸಲಾಗದ ಖಜಾಂಚಿ’.

ಹೆಸರಿನಲ್ಲಿಯೇ ಇರುವ ಚುಚ್ಚನ್ನು ಓದುಗರು ಗಮನಿಸಬೇಕು. ಯಂತ್ರ ಕೆಡಲಾರದು; ಹಾಗಾದರೆ ಅದರ ಮುಂದೆ ನಿಂತವನು?

ರಿಟಿಗೆ ಅದರಿಂದ ಭಾಗ್ಯವೇನೂ ಕೂಡಿಬರಲಿಲ್ಲ. 1881ರಲ್ಲಿ ಆ ಉದ್ಯಮವನ್ನು ಮಾರಿ ತನ್ನ ಮದ್ಯದಂಗಡಿಗೇ ಹಿಂತಿರುಗಿದ. 1884ರಲ್ಲಿ ಅದು ಜಾನ್ ಪ್ಯಾಟರ್ಸನ್ ಎಂಬ ವ್ಯಾಪಾರಿಯ ಕೈಸೇರಿ, ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪೆನಿಯೆಂಬ ಹೆಸರಿನಲ್ಲಿ ಜಗತ್ತಿಗೆಲ್ಲ ಹರಡಿತು. ಪ್ಯಾಟರ್ಸನ್ ತನ್ನ ಸ್ವಂತ ಅಂಗಡಿಯ ನಷ್ಟಕ್ಕೆ ಈ ಯಂತ್ರದಿಂದಲೇ ಪರಿಹಾರ ಕಂಡಿದ್ದವನು. ಲೆಕ್ಕ ಮೂಡುವ ಕಾಗದದ ಸುರುಳಿ, ಹಣದ ಖಾನೆ, ಅದು ತೆರೆದಾಗ ಬಾರಿಸುವ ಗಂಟೆ ಎಲ್ಲವೂ ಯಂತ್ರಕ್ಕೆ ಸೇರಿದುವು. ಇಂಗ್ಲಿಷಿನಲ್ಲಿ ಮಾರಾಟವನ್ನು ನಮೂದಿಸುವುದಕ್ಕೆ ಇಂದಿಗೂ ಗಂಟೆ ಬಾರಿಸುವ ಮಾತನ್ನೇ ಬಳಸುತ್ತಾರೆ. ಒಳಕೋಣೆಯಲ್ಲಿರುವ ಯಜಮಾನನಿಗೆ ಕೇಳಲೆಂದೇ ಆ ನಾದ. ಅಂಗಡಿಯ ಆಳುಗಳಿಗೆ ಇದು ಹೇಗೆ ಹಿಡಿಸೀತು? ಕಂಪೆನಿಯ ಜಾಹೀರಾತು ಕಾಗದಗಳನ್ನು ಯಜಮಾನನ ಕೈಗೆ ಸೇರಗೊಡದೆ ಅವರು ಹರಿದುಹಾಕುತ್ತಿದ್ದರೆಂದೂ, ಅದಕ್ಕಾಗಿ ಪ್ಯಾಟರ್ಸನ್ ಹೆಸರಿಲ್ಲದ ಲಕೋಟೆಗಳಲ್ಲಿ ಕಳುಹತೊಡಗಿದನೆಂದೂ ಹೇಳುತ್ತಾರೆ.

ಆದರೆ ಎಂಥ ಯಂತ್ರಕ್ಕೂ ಒಂದು ಮಿತಿಯುಂಟು: ತನಗೆ ಹೇಳಿದ್ದನ್ನು ಮಾತ್ರ ಅದು ಬಲ್ಲದು. ಹತ್ತು ರೂಪಾಯಿಯ ಮಾರಾಟಕ್ಕೆ ಐದನ್ನೊತ್ತಿದರೆ ಐದು. ಒತ್ತದೇ ಹೋದರೆ ಮಾರಾಟವೇ ಇಲ್ಲ. ಗಿರಾಕಿ ಬಾಗಿಲು ದಾಟಿದ ಮೇಲೆ ಬಿಲ್ಲನ್ನು ರದ್ದುಮಾಡಿದರೆ, ನಡೆದ ಮಾರಾಟ ನಡೆಯದಂತಾಗುತ್ತದೆ. ‘ಬಿಲ್ಲು ಕೊಡದಿದ್ದರೆ ನಿಮ್ಮ ಖರೀದಿ ಉಚಿತ’ ಎಂಬ ಫಲಕವನ್ನು ಕಂಡು ಹಿಗ್ಗುವ ಗಿರಾಕಿಗೆ, ಯಜಮಾನನು ತನ್ನನ್ನು ಸಂಬಳವಿಲ್ಲದ ಕಾವಲುಗಾರನನ್ನಾಗಿ ನೇಮಿಸಿಕೊಂಡಿದ್ದಾನೆಂಬುದು ಹೊಳೆಯುವುದೇ ಇಲ್ಲ.

ಇನ್ನು ನನ್ನ ಅಧಿಕಾರದ ಮಾತು. 1999ರಲ್ಲಿ ನಾನು ಬೆಂಗಳೂರಿನಲ್ಲಿ ಬಿ.ಎ. ಓದುತ್ತಿದ್ದಾಗ ಸಂಜೆಗಳಲ್ಲಿ ಒಂದು ಹೋಟೆಲಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ನಿಂತು ತಿನ್ನುವ ಹೋಟೆಲು. ಗಲ್ಲೆಯಲ್ಲಿ ಹಣ ಕೊಟ್ಟರೆ ಯಂತ್ರ ಒಂದು ಚೀಟಿ ಉಗುಳುತ್ತದೆ. ಚೀಟಿಯನ್ನು ಒಳಗೆ ಕೊಟ್ಟರೆ ಕಾಫಿ. ಕಾಫಿ ಕೊಟ್ಟವನು ಚೀಟಿಯನ್ನು ಮೊಳೆಗೆ ಚುಚ್ಚಬೇಕು. ರಾತ್ರಿ ನಾನು ಯಂತ್ರದ ಮೊತ್ತವನ್ನೂ ಗಲ್ಲೆಯ ನಗದನ್ನೂ ತಾಳೆ ನೋಡುತ್ತಿದ್ದೆ. ಎಂಟು ತಿಂಗಳಲ್ಲಿ ಒಂದು ದಿನವೂ ಒಂದು ರೂಪಾಯಿಯ ವ್ಯತ್ಯಾಸ ಬಂದದ್ದಿಲ್ಲ. ಯಜಮಾನರು ಗಲ್ಲೆಯಲ್ಲಿ ಕೂರುತ್ತಿದ್ದ ಹಿರಿಯರನ್ನು ಹೊಗಳುತ್ತಿದ್ದರು. ನನಗೂ ಆ ಹೊಗಳಿಕೆಯ ಪಾಲು ಸಲ್ಲುತ್ತಿತ್ತು.

ಒಂದು ಸಂಜೆ ಗಿರಾಕಿಯೊಬ್ಬರು ಏನೋ ತಕರಾರಿಗೆಂದು ನನ್ನ ಮುಂದೆ ಚೀಟಿ ಹಿಡಿದರು. ಅವರು ಆಗತಾನೆ ಹಣ ಕೊಟ್ಟಿದ್ದರು. ಚೀಟಿಯ ಮೇಲಿದ್ದ ಹೊತ್ತು ಒಂದು ಗಂಟೆ ಹಿಂದಿನದು. ಒಳಗಿನಿಂದ ಚುಚ್ಚದೆ ಮರಳಿಬಂದ ಚೀಟಿಯೇ ಮತ್ತೊಬ್ಬರ ಕೈಗೆ ಹೋಗುತ್ತಿತ್ತು. ಎರಡನೆಯ ಕಾಫಿಯ ಹಣಕ್ಕೆ ಯಂತ್ರದಲ್ಲಿ ಸಾಕ್ಷಿಯಿಲ್ಲ. ನನ್ನ ತಾಳೆ ಅಷ್ಟು ಚೊಕ್ಕವಾಗಿದ್ದುದರ ಗುಟ್ಟು ಅದು. ಗಲ್ಲೆಯವರನ್ನು ಮೆಲ್ಲಗೆ ಕೇಳಿದೆ. “ನಿನಗೆಂತಕ್ಕೆ ಮಾರಾಯ ಅದು? ನೀನು ಓದು” ಎಂದರು. ಬೆದರಿಕೆಯಲ್ಲ, ಪ್ರೀತಿಯಿಂದಲೇ ಎಂದರು. ಹಿಂದಿನ ತಿಂಗಳು ನನ್ನ ಪರೀಕ್ಷೆಯ ಶುಲ್ಕಕ್ಕೆ ಮುನ್ನೂರು ರೂಪಾಯಿ ಕೊಟ್ಟವರು ಅವರೇ. ಮರಳಿಸುವೆನೆಂದಾಗ ಬೇಡವೆಂದಿದ್ದರು. ಅದು ಯಾವ ಹಣವೆಂದು ಅಂದು ರಾತ್ರಿ ನನಗೆ ತಿಳಿಯಿತು; ಮರುದಿನ ಎಂದಿನಂತೆ ಹೋಗಿ ತಾಳೆ ನೋಡಿದೆ.

ಗುಟ್ಟನ್ನು ಬಯಲಿಗೆಳೆದದ್ದು ಯಂತ್ರವಲ್ಲ, ಹಾಲು. ತರಿಸಿದ ಹಾಲಿಗೂ ಮಾರಿದ ಕಾಫಿಗೂ ಯಜಮಾನರು ಬೆರಳು ಮಡಿಸಿ ಲೆಕ್ಕ ಹಾಕಿದರು. ಕಾಫಿಯ ಕಡೆ ನಿಲ್ಲುತ್ತಿದ್ದ ಕುಂದಾಪುರದ ಕಡೆಯ ಹುಡುಗನ ಅಂಗಿಯ ಜೇಬಿನಲ್ಲಿ ಆರು ಚೀಟಿಗಳು ಸಿಕ್ಕಿದುವು. ಅವನಿಗೆ ಅದರಿಂದ ದಕ್ಕುತ್ತಿದ್ದದ್ದು ಭಾನುವಾರದ ಸಿನಿಮಾದ ಟಿಕೀಟು. ಎಲ್ಲರಿಗಿಂತ ಮೊದಲು ಅವನನ್ನು ಬೈದವರು ಗಲ್ಲೆಯ ಹಿರಿಯರು. ಹುಡುಗ ಅವರ ಹೆಸರೆತ್ತಲಿಲ್ಲ, ಎತ್ತಿದರೂ ನಂಬುವವರಿರಲಿಲ್ಲ. ಒಮ್ಮೆ ನನ್ನ ಕಡೆ ನೋಡಿದ. ನನ್ನ ಕೈಯಲ್ಲಿ ಲೇಖನಿಯಿತ್ತು, ಮುಂದೆ ಲೆಕ್ಕದ ಪುಸ್ತಕವಿತ್ತು. ನಾನು ಪುಸ್ತಕವನ್ನು ನೋಡಿದೆ. ಆ ತಿಂಗಳ ಸಂಬಳ ಹಿಡಿದು ಅವನನ್ನು ಅದೇ ರಾತ್ರಿ ಕಳುಹಿಸಿಬಿಟ್ಟರು.

ಇಂದು ಈ ಕಥೆಗೆ ಇನ್ನೊಂದು ತಿರುವು ಬಂದಿದೆ. ಮಾರಾಟಗಳನ್ನು ಗುರುತಿಲ್ಲದಂತೆ ಅಳಿಸಿಹಾಕುವ ತಂತ್ರಾಂಶಗಳನ್ನು ಬಳಸಿ, ತೆರಿಗೆ ತಪ್ಪಿಸಲೆಂದು ಯಜಮಾನರೇ ತಮ್ಮ ಯಂತ್ರಕ್ಕೆ ಸುಳ್ಳು ಕಲಿಸುತ್ತಿದ್ದಾರೆ. ಕೆನಡದ ಕ್ವಿಬೆಕ್ ಪ್ರಾಂತದಲ್ಲಿ 2011ರ ಹೊತ್ತಿಗೆ ಹೋಟೆಲುಗಳ ಗಲ್ಲಾಯಂತ್ರಕ್ಕೆ ಸರ್ಕಾರದ ಕಾವಲು ಪೆಟ್ಟಿಗೆಯೊಂದನ್ನು ಜೋಡಿಸುವುದು ಕಡ್ಡಾಯವಾಯಿತು. ಆಳನ್ನು ನಂಬದೆ ರಿಟಿ ಕಟ್ಟಿದ ಯಂತ್ರದ ಮೇಲೆ ಈಗ ರಿಟಿಯನ್ನೇ ನಂಬದ ಯಂತ್ರ ಕುಳಿತಿದೆ. ನಮ್ಮ ಯಜಮಾನರೂ ರಾತ್ರಿ ಒಂಬತ್ತರ ಮೇಲೆ ಯಂತ್ರಕ್ಕೆ ಬಟ್ಟೆ ಹೊದಿಸಿ ಕೈಚೀಟಿಯಲ್ಲಿ ವ್ಯಾಪಾರ ನಡೆಸುತ್ತಿದ್ದರು. ಆ ಚೀಟಿಗಳ ಮೊತ್ತವನ್ನು ನಾನು ಬೇರೆ ಪುಸ್ತಕದಲ್ಲಿ ಬರೆಯುತ್ತಿದ್ದೆ. ಅದೂ ತಾಳೆಯಾಗುತ್ತಿತ್ತು.

ಮೂರು ವಾರಗಳ ಮೇಲೆ ಗಲ್ಲೆಯ ಹಿರಿಯರು ಊರಿಗೆ ಹೋದವರು ಮರಳಲಿಲ್ಲ. ಯಜಮಾನರು ನನ್ನನ್ನು ಕರೆದು, ಇಷ್ಟು ತಿಂಗಳು ಲೆಕ್ಕದಲ್ಲಿ ಒಂದು ಪೈಸೆ ಹೆಚ್ಚುಕಡಮೆ ಮಾಡದ ಹುಡುಗ ನೀನು ಎಂದು ಹೇಳಿ, ಗಲ್ಲೆಯ ಬೀಗದ ಕೈಯನ್ನು ನನ್ನ ಕೈಗಿತ್ತರು. ಪರೀಕ್ಷೆ ಮುಗಿಯುವವರೆಗೆ ನಾನೇ ಅಲ್ಲಿ ಕುಳಿತೆ. ಆ ಹುಡುಗನ ಹಳ್ಳಿಯ ಹೆಸರನ್ನು ಅಡಿಗೆಮನೆಯವರಲ್ಲಿ ಕೇಳಬಹುದಾಗಿತ್ತು. ಕೇಳಲಿಲ್ಲ.