ಗೃಹನಿರ್ಮಾಣ ಗುತ್ತಿಗೆದಾರರ ಪರವಾನೆ

ಅಮೆರಿಕದಲ್ಲಿ ಮನೆ ಕಟ್ಟುವ ಗುತ್ತಿಗೆದಾರರಿಗೆ ಪರವಾನೆ ನೀಡುವುದು ಕೇಂದ್ರದ ಅಧಿಕಾರವಲ್ಲ, ಆಯಾ ಸಂಸ್ಥಾನದ್ದು. ಅವುಗಳಲ್ಲಿ ಕ್ಯಾಲಿಫೋರ್ನಿಯದ ಪದ್ಧತಿ ವಿಶೇಷ ಪರಿಶೀಲನೆಗೆ ಅರ್ಹವಾದುದು. 1929ರಿಂದಲೂ ಅಲ್ಲಿ ಇದಕ್ಕೆಂದೇ ಪ್ರತ್ಯೇಕ ಅಧಿಕಾರಸಂಸ್ಥೆಯಿದೆ. ಪರವಾನೆ ಬಯಸುವವನು ಕಸುಬಿನಲ್ಲಿ 4 ವರ್ಷಗಳ ಅನುಭವವನ್ನು ತೋರಿಸಬೇಕು. 25,000 ಡಾಲರುಗಳ ಜಾಮೀನುಪತ್ರವನ್ನೂ ಒದಗಿಸಬೇಕು.

ಆದರೆ ಕಾನೂನಿನ ಕಸುವಿರುವುದು ಬೇರೆಡೆಯಲ್ಲಿ. ಪರವಾನೆಯಿಲ್ಲದವನು ಕೆಲಸವನ್ನು ಎಷ್ಟೇ ಅಚ್ಚುಕಟ್ಟಾಗಿ ಮುಗಿಸಿದ್ದರೂ ಬಾಕಿ ಹಣಕ್ಕಾಗಿ ದಾವೆ ಹೂಡಲಾರನು. ಕೊಟ್ಟ ಹಣವನ್ನು ಸಹ ಮನೆಯೊಡೆಯನು ಮರಳಿ ಕೇಳಬಹುದು. ಪರವಾನೆಯಿಲ್ಲವೆಂಬುದು ಒಡೆಯನಿಗೆ ಮೊದಲೇ ತಿಳಿದಿದ್ದರೂ ಗುತ್ತಿಗೆದಾರನಿಗೆ ವಿನಾಯಿತಿಯಿಲ್ಲ. ಇದು ಅತಿ ಕಠಿಣವೆಂದೇ ನಮಗೆ ತೋರುತ್ತದೆ. ಚಿಲ್ಲರೆ ಕೆಲಸಗಳಿಗೆ ಮಾತ್ರ ರಿಯಾಯಿತಿಯುಂಟು. ಅದರ ಮಿತಿ 2025ರಲ್ಲಿ 500 ಡಾಲರಿನಿಂದ 1,000ಕ್ಕೆ ಏರಿತು.

ನಮ್ಮ ದೇಶದ ವ್ಯವಸ್ಥೆ ಬೇರೆ ಬಗೆಯದು. 2016ರ ಸ್ಥಿರಾಸ್ತಿ ಕಾಯಿದೆಯು ಕಟ್ಟಿಸಿ ಮಾರುವವನ ಯೋಜನೆಯನ್ನು ನೋಂದಾಯಿಸುತ್ತದೆ. ಲೋಕೋಪಯೋಗಿ ಇಲಾಖೆಯ ದರ್ಜೆಗಳು ಸರಕಾರಿ ಕಾಮಗಾರಿಗೆ ಮೀಸಲು. ಮುಂಬಯಿಯಲ್ಲಿ ದುಡಿದು ಉಳಿಸಿದ ಹಣದಿಂದ ಊರಿನ ಸ್ವಂತ ನಿವೇಶನದಲ್ಲಿ ಮನೆ ಕಟ್ಟಿಸುವವನು ಮೇಸ್ತ್ರಿಯೊಡನೆ ಮಾಡಿಕೊಂಡ ಮಾತಿಗೆ ಇವೆರಡೂ ಒದಗವು. ಅವನಿಗೆ ಗ್ರಾಹಕ ಆಯೋಗದ, ಸಿವಿಲ್ ನ್ಯಾಯಾಲಯದ ದಾರಿಯೇನೋ ಇದೆ. ಆದರೆ ಅದನ್ನು ಹಿಡಿಯುವುದು ಸಾಮಾನ್ಯವಾಗಿ ಗೋಡೆ ಬಿರುಕು ಬಿಟ್ಟ ಮೇಲೆ.