ಎಐ ಬರೆದ ಜಾಹೀರಾತು, ಡಬ್ಬಿ ಮೇಲೆ ನಿಮ್ಮ ಹೆಸರು!

ನೀವು ಪುಳಿಯೋಗರೆ ಗೊಜ್ಜು ಕುದಿಸಿದರೆ ಘಮ ಬೀದಿ ತುದಿಯವರೆಗೂ ಹೋಗುತ್ತೆ. ಆದರೆ ‘ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಗೊಜ್ಜಿನ ಬಗ್ಗೆ ನಾಲ್ಕು ಸಾಲು ಬರೀರಿ’ ಅಂದ್ರೆ ಪೆನ್ನು ಕಚ್ಕೊಂಡು ಕೂತುಬಿಡ್ತೀರಿ. ಹೌದು ತಾನೆ?

ಪಾಂಡವಪುರದಲ್ಲಿ ಪುಡಿ ಬೆಲ್ಲ ಪ್ಯಾಕ್ ಮಾಡೋರು, ಶ್ರೀರಂಗಪಟ್ಟಣದಲ್ಲಿ ಭಾನುವಾರದ ಪ್ರವಾಸಿಗರನ್ನೇ ನೆಚ್ಚಿಕೊಂಡು ಊಟದ ಆರ್ಡರ್ ಹಿಡಿಯೋರು, ಕೆ.ಆರ್. ಪೇಟೆಯಲ್ಲಿ ಹಪ್ಪಳ–ಸಂಡಿಗೆ ಮಾಡೋರು, ನಾಗಮಂಗಲದಲ್ಲಿ ಬ್ಲೌಸ್ ಹೊಲಿಯೋರು... ಎಲ್ಲರದ್ದೂ ಇದೇ ಗೋಳು. ದುಡ್ಡು ಕೊಟ್ಟು ಬರೆಸೋಣ ಅಂದ್ರೆ ಬರುವ ಲಾಭವೇ ಅಷ್ಟಕ್ಕಷ್ಟೆ. ಇಂಥ ಹೊತ್ತಲ್ಲಿ ಮಗಳು ಬಂದು ‘ಅಮ್ಮಾ, ಎಐ ಕೇಳು, ಒಂದು ನಿಮಿಷದಲ್ಲಿ ಬರೆದುಕೊಡುತ್ತೆ’ ಅಂತಾಳೆ. ಅವಳು ಹೇಳೋದು ನಿಜ. ಆದರೆ ಅರ್ಧ ಮಾತ್ರ!

ಮೊದಲು ಖರ್ಚಿನ ಮಾತು. ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ ಬಂತು. ಗೂಗಲ್‌ನ ಜೆಮಿನಿ ಆ್ಯಪ್ 2024ರ ಜೂನ್‌ನಲ್ಲಿ ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳಲ್ಲಿ ಸಿಗತೊಡಗಿತು. ವಾಟ್ಸ್‌ಆ್ಯಪ್ ಒಳಗೇ ಮೆಟಾ ಎಐ ಕೂತಿದೆ. ದಿನಕ್ಕೆ ಒಂದೆರಡು ಜಾಹೀರಾತು ಬರೆಸಲು ಇವುಗಳ ಉಚಿತ ಆವೃತ್ತಿಯೇ ಬೇಕಾದಷ್ಟು. ಚಾಟ್‌ಜಿಪಿಟಿಯವರು 2025ರ ಆಗಸ್ಟ್‌ನಲ್ಲಿ ಭಾರತಕ್ಕೆಂದೇ ತಿಂಗಳಿಗೆ 399 ರೂಪಾಯಿಯ ‘ಗೋ’ ಯೋಜನೆ ತಂದರು. ಆದರೆ ಮನೆ ಮಟ್ಟದ ವ್ಯಾಪಾರಕ್ಕೆ ಅದೂ ಬೇಡ ಅನ್ನೋದು ನನ್ನ ಅಭಿಪ್ರಾಯ. ‘ಒಂದು ವರ್ಷ ಫ್ರೀ’ ಅಂತ ಹೇಳಿ ಕಾರ್ಡು ಅಥವಾ ಯುಪಿಐ ಆಟೋಪೇ ಕೇಳಿದರೆ ಹುಷಾರು. ಹಾಗೇನಾದರೂ ಒಪ್ಪಿಕೊಂಡರೆ ಅವಧಿ ಮುಗಿಯುವ ದಿನವನ್ನು ಕ್ಯಾಲೆಂಡರ್ ಮೇಲೆ ಗುರುತು ಹಾಕಿಡಿ. ಇಲ್ಲದಿದ್ದರೆ ನಿಮಗೆ ಗೊತ್ತಿಲ್ಲದೆಯೇ ತಿಂಗಳು ತಿಂಗಳು ದುಡ್ಡು ಕಟ್ ಆಗುತ್ತೆ.

ಈಗ ನನ್ನ ಪ್ರಯೋಗದ ಕಥೆ ಕೇಳಿ. ಒಂದು ಉಚಿತ ಆ್ಯಪ್‌ಗೆ ‘ಮೇಲುಕೋಟೆ ಪುಳಿಯೋಗರೆ ಗೊಜ್ಜಿಗೆ ಜಾಹೀರಾತು ಬರೆದುಕೊಡು’ ಅಂದೆ, ಅಷ್ಟೆ. ಪಟಪಟ ಅಂತ ಬರೆಯಿತು. ಏನಂತೀರಾ? ‘ಈರುಳ್ಳಿ–ಬೆಳ್ಳುಳ್ಳಿಯ ಸೊಗಸಾದ ಪರಿಮಳದೊಂದಿಗೆ...’ ಅಯ್ಯೋ ರಾಮ! ಮೇಲುಕೋಟೆ ಪುಳಿಯೋಗರೆಗೆ ಬೆಳ್ಳುಳ್ಳಿ! ಇದನ್ನೇ ಅಚ್ಚು ಹಾಕಿಸಿ ಡಬ್ಬಿಗೆ ಅಂಟಿಸಿದ್ದರೆ ಗತಿ ಏನಾಗುತ್ತಿತ್ತು? ಅದಕ್ಕೆ ಯಾರನ್ನೋ ಮೋಸ ಮಾಡಬೇಕು ಅಂತೇನಿಲ್ಲ. ಎಲ್ಲೆಲ್ಲೋ ಓದಿದ ಮಾತುಗಳಲ್ಲಿ ಯಾವುದರ ಪಕ್ಕ ಯಾವುದು ಬರುತ್ತದೆ ಅಂತ ಅಂದಾಜು ಮಾಡಿ ಜೋಡಿಸುತ್ತೆ. ಗೊತ್ತಿಲ್ಲದ ಕಡೆಯೂ ಗೊತ್ತಿರೋರ ಥರವೇ ಬರೀತದೆ. ನಿಮ್ಮ ಒಲೆ ಮುಂದೆ ಅದು ಯಾವತ್ತೂ ನಿಂತಿಲ್ಲವಲ್ಲ!

ಬೆಲ್ಲದ ವಿಷಯಕ್ಕೆ ಬಂದರೆ ಇದು ನಗುವ ಮಾತಾಗಿ ಉಳಿಯಲ್ಲ. 2020ರಲ್ಲಿ ಶುರುವಾದ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ‘ಒಂದು ಜಿಲ್ಲೆ ಒಂದು ಉತ್ಪನ್ನ’ ಅಂತ ಮಂಡ್ಯಕ್ಕೆ ಸಿಕ್ಕಿದ್ದೇ ಬೆಲ್ಲ. ಹಾಗಾಗಿ ನಮ್ಮ ಕಡೆ ಅದನ್ನು ಪ್ಯಾಕ್ ಮಾಡಿ ಮಾರುವ ಹೆಣ್ಣುಮಕ್ಕಳು ಬಹಳ. ಬೆಲ್ಲಕ್ಕೆ ಜಾಹೀರಾತು ಕೇಳಿದಾಗ ಅದೇ ಆ್ಯಪ್ ನನಗೆ ಕೊಟ್ಟ ಸಾಲು ಇದು: ‘ಶೇ 100ರಷ್ಟು ರಾಸಾಯನಿಕ ಮುಕ್ತ, ಸಾವಯವ, ಮಧುಮೇಹಿಗಳಿಗೂ ಸುರಕ್ಷಿತ.’ ಮೂರು ಮಾತು, ಮೂರೂ ಅಪಾಯ.

ಬೆಲ್ಲದಲ್ಲಿ ಇರೋದು ಬಹುಪಾಲು ಸಕ್ಕರೆ ಅಂಶವೇ. ಶುಗರ್ ಇರೋರು ಅದನ್ನು ತಿಂದರೂ ರಕ್ತದಲ್ಲಿ ಸಕ್ಕರೆ ಏರುತ್ತೆ. ನಿಮ್ಮ ಡಬ್ಬಿ ಮೇಲಿನ ಮಾತು ನಂಬಿ ಪಕ್ಕದ ಬೀದಿಯ ಅಜ್ಜಿ ದಿನಾ ಎರಡು ಲೋಟ ಬೆಲ್ಲದ ಕಾಫಿ ಕುಡಿದರೆ? ಇನ್ನು ‘ರಾಸಾಯನಿಕ ಮುಕ್ತ’. ಬೆಲ್ಲಕ್ಕೆ ಹಳದಿ ಬಣ್ಣ ಬರಲಿ ಅಂತ ಹೈಡ್ರೋಸ್ ಹಾಕುವ ಆಲೆಮನೆಗಳು ಇವೆ ಅನ್ನೋದು ನಮಗೇನು ಹೊಸದಲ್ಲ. ನೀವು ತಂದ ಬೆಲ್ಲ ಯಾವ ಆಲೆಮನೆಯದು, ಅವರು ಏನು ಹಾಕ್ತಾರೆ, ಹೋಗಿ ನೋಡಿದ್ದೀರಾ? ನೋಡಿಲ್ಲ ಅಂದ್ರೆ ಬರೀಬೇಡಿ. ಪ್ರಮಾಣಪತ್ರ ಕೈಯಲ್ಲಿ ಇಲ್ಲದೆ ‘ಸಾವಯವ’ ಅನ್ನೋದನ್ನೂ ಹಾಕಬೇಡಿ. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಆಹಾರದ ಬಗ್ಗೆ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೂ ದಂಡ ಹಾಕಬಹುದು. ‘ಎಐ ಬರೆದದ್ದು ಸಾರ್, ನಾನಲ್ಲ’ ಅಂದ್ರೆ ಯಾರೂ ಕೇಳಲ್ಲ. ಡಬ್ಬಿ ಮೇಲಿರೋದು ನಿಮ್ಮ ಹೆಸರು.

ಹಾಗಾದ್ರೆ ಬಳಸೋದೇ ಬೇಡ್ವಾ? ಖಂಡಿತ ಬಳಸಿ! ಮನೆಗೆ ಹೊಸದಾಗಿ ಕೆಲಸಕ್ಕೆ ಬಂದವರಿಗೆ ಬೇಳೆ ಡಬ್ಬ ಎಲ್ಲಿದೆ, ಸಾರಿಗೆ ಉಪ್ಪು ಎಷ್ಟು ಅಂತ ಹೇಳಿಕೊಡಲ್ವೇ? ಹಾಗೇ ಇದಕ್ಕೂ ಹೇಳಿಕೊಡಬೇಕು. ಟೈಪ್ ಮಾಡೋದು ಕಷ್ಟ ಅಂದ್ರೆ ಕೀಬೋರ್ಡ್‌ನ ಮೈಕ್ ಒತ್ತಿ ಮಾತಾಡಿದರೂ ಸಾಕು. ನಾನು ಎರಡನೇ ಸಲ ಹೇಳಿದ್ದು ಹೀಗೆ:

‘ನಾನು ಮನೆಯಲ್ಲೇ ಪುಳಿಯೋಗರೆ ಗೊಜ್ಜು ಮಾಡ್ತೀನಿ. ಹುಣಸೆಹಣ್ಣು, ಬೆಲ್ಲ, ಮೆಣಸು, ಎಳ್ಳು, ಒಣಕೊಬ್ಬರಿ ಹಾಕ್ತೀನಿ. ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಕಾಲು ಕೆ.ಜಿ. ಡಬ್ಬಿ. ಕೊಳ್ಳೋರು ಮೈಸೂರು, ಬೆಂಗಳೂರಲ್ಲಿ ಕೆಲಸಕ್ಕೆ ಹೋಗೋ ಹೆಂಗಸರು. ವಾಟ್ಸ್‌ಆ್ಯಪ್‌ಗೆ ನಾಲ್ಕು ಸಾಲು ಬೇಕು. ಮಂಡ್ಯದವರು ಮಾತಾಡೋ ಥರ ಇರಲಿ. ನಾನು ಹೇಳದ ಯಾವ ಗುಣವನ್ನೂ ಸೇರಿಸಬೇಡ. ಆರೋಗ್ಯದ ಮಾತು ಬೇಡವೇ ಬೇಡ.’

ಆಗ ಬಂದದ್ದರಲ್ಲಿ ‘ಅತ್ಯುತ್ತಮ ಗುಣಮಟ್ಟ’, ‘ಅವಿಸ್ಮರಣೀಯ ರುಚಿ’ ಅನ್ನೋ ಪುಸ್ತಕದ ಮಾತು ಎರಡು ಉಳಿದಿದ್ದವು, ಹೊಡೆದುಹಾಕಿದೆ. ನನ್ನದೇ ಒಂದೆರಡು ಪದ ಸೇರಿಸಿದ ಮೇಲೆ ಹೀಗಾಯಿತು: ‘ಬೆಳಿಗ್ಗೆ ಆಫೀಸಿಗೆ ಹೊತ್ತಾಯ್ತಾ? ಬಿಸಿ ಅನ್ನಕ್ಕೆ ಎರಡು ಚಮಚ ಗೊಜ್ಜು ಕಲಸಿ, ಡಬ್ಬಿ ಕಟ್ಟಿ, ಹೊರಡಿ. ಹುಣಸೆ, ಬೆಲ್ಲ, ಎಳ್ಳು, ಕೊಬ್ಬರಿ... ಮನೇಲಿ ಹಾಕೋದೇ ಇದರಲ್ಲೂ. ಈರುಳ್ಳಿ, ಬೆಳ್ಳುಳ್ಳಿ ಇಲ್ಲ.’ ಪರವಾಗಿಲ್ಲ ಅಲ್ವಾ?

ಬರೆಸಿದ್ದನ್ನು ಒಮ್ಮೆ ಗಟ್ಟಿಯಾಗಿ ಮನೆಯವರ ಮುಂದೆ ಓದಿ. ಅತ್ತೆ ‘ಇದ್ಯಾರ್ ಭಾಷೆನವ್ವಾ?’ ಅಂದರೆ ಇನ್ನೊಂದು ಸಲ ತಿದ್ದಿ. ಊರು, ದಾರಿ, ದೂರ ಬರೆದಿದ್ದರಂತೂ ಒಂದೊಂದನ್ನೂ ನೋಡಿ. ಮೇಲುಕೋಟೆ ಇರೋದು ಪಾಂಡವಪುರ ತಾಲ್ಲೂಕಿನಲ್ಲಿ, ನನ್ನ ಆ್ಯಪ್ ಅದನ್ನು ನಾಗಮಂಗಲಕ್ಕೆ ಸೇರಿಸಿಬಿಟ್ಟಿತ್ತು! ಫೋನ್ ನಂಬರ್, ಬೆಲೆ ಇವನ್ನು ಕೊನೆಯಲ್ಲಿ ನೀವೇ ಸೇರಿಸಿ. ಗಿರಾಕಿಗಳ ಹೆಸರು–ನಂಬರಿನ ಪಟ್ಟಿ, ಆಧಾರ್, ಬ್ಯಾಂಕ್ ವಿವರ ಅದರ ಕೈಗೆ ಕೊಡಲೇಬೇಡಿ. ‘ಗ್ರಾಹಕರು ಹೊಗಳಿದಂತೆ ಹತ್ತು ಮಾತು ಬರೆದುಕೊಡು’ ಅಂತಲೂ ಕೇಳಬೇಡಿ. ನಮ್ಮಂಥ ಚಿಕ್ಕ ಊರಲ್ಲಿ ಯಾರು ಏನು ಕೊಂಡರು ಅಂತ ಎಲ್ಲರಿಗೂ ಗೊತ್ತಿರುತ್ತೆ!

ಪ್ಯಾಕೆಟ್ ಮೇಲಿನ ಚೀಟಿಯನ್ನು ಮಾತ್ರ ಎಐಗೆ ಬಿಡಬೇಡಿ. ಪದಾರ್ಥಗಳ ಪಟ್ಟಿ, ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ನಿಮ್ಮ ವಿಳಾಸ, ಎಫ್‌ಎಸ್‌ಎಸ್‌ಎಐ ನಂಬರ್, ಇವೆಲ್ಲ ನಿಮ್ಮ ಕೈಯಿಂದಲೇ ಆಗಬೇಕು. ನಂಬರ್ ಇನ್ನೂ ಮಾಡಿಸಿಲ್ಲ ಅಂದ್ರೆ ಜಾಹೀರಾತಿಗಿಂತ ಮೊದಲು ಅದರ ಕೆಲಸ ನೋಡಿ.

ಸಂಕ್ರಾಂತಿಗೆ ಎಳ್ಳು–ಬೆಲ್ಲದ ಆರ್ಡರ್ ಹಿಡಿಯುವ ಯೋಚನೆ ಇದ್ದರೆ ಡಿಸೆಂಬರ್ ಕೊನೆಗೇ ಒಂದು ಮಧ್ಯಾಹ್ನ ಕೂತು, ಮೂರು ಥರದ ಮೆಸೇಜು ಬರೆಸಿ ಇಟ್ಟುಕೊಳ್ಳಿ. ಹಬ್ಬದ ವಾರ ಕೊಬ್ಬರಿ ಹೆಚ್ಚೋದಕ್ಕೇ ಪುರುಸೊತ್ತು ಸಿಗಲ್ಲ.